ಅಪ್‌ಡೇಟ್: ಹಳೆಯ ಫೋರ್ಡ್ ಟ್ರಕ್ಕಿನ ಟೈಮಿಂಗ್ ಮತ್ತು ಕಾರ್ಬ್ಯುರೇಟರ್

ನನ್ನ ಹಳೆಯ ಫೋರ್ಡ್ ಎಫ್-100 ಟ್ರಕ್ಕಿನ 300 ಘನ ಇಂಚಿನ, ಆರು ಸಿಲಿಂಡರಿನ ಎಂಜಿನ್ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಸುಮ್ಮನೆ ಓಡುವಾಗ) ನಿಂತುಹೋಗುತ್ತದೆ, ಏರು ರಸ್ತೆಯಲ್ಲಿ ನಾಕಿಂಗ್ (ಒಳಗಿನಿಂದ ಟಕಟಕ ಸದ್ದು) ಮಾಡುತ್ತದೆ, ಏನು ಮಾಡಲಿ ಎಂದು ಇಲ್ಲಿ ಹಿಂದೆ ಕೇಳಿದ್ದೆ. ಪೆಟ್ರೋಲು-ಗಾಳಿ ಬೆರೆಸುವ ಕಾರ್ಬ್ಯುರೇಟರನ್ನು ಮುಟ್ಟುವ ಮೊದಲು ಇಗ್ನಿಷನ್ (ಕಿಡಿ ಹಾರಿಸುವ ವ್ಯವಸ್ಥೆ) ಸರಿಪಡಿಸಿ ಎಂಬ ನಿಮ್ಮ ಸಲಹೆಯೇ ಸರಿಯಾಗಿತ್ತು. ಪಾಯಿಂಟ್‌ಗಳ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸಂಪರ್ಕ ತುದಿಗಳ) ಅಂತರ ಬದಲಾದರೆ ಟೈಮಿಂಗ್ (ಕಿಡಿ ಹಾರುವ ಕ್ಷಣ) ಕೂಡ ಆಚೀಚೆ ಆಗುವುದರಿಂದ, ಮೊದಲು ಅಂತರವನ್ನು ಹೊಂದಿಸಿ, ಆನಂತರ ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಕೊಳವೆಯನ್ನು ಕಳಚಿ, ಅದರ ಬಾಯಿ ಮುಚ್ಚಿ, ಟೈಮಿಂಗ್ ಲೈಟ್ (ಕಿಡಿಯ ಜೊತೆಗೇ ಮಿನುಗುವ ದೀಪ) ಹಿಡಿದು ನೋಡಿದಾಗ ಕಿಡಿ ನಿಗದಿಗಿಂತ ಬಹಳ ಮುಂಚೆಯೇ ಹಾರುತ್ತಿತ್ತು. ಅದನ್ನು ಕೈಪಿಡಿಯಲ್ಲಿರುವ ಡಿಗ್ರಿಗೆ ತಂದೊಡನೆ ನಾಕಿಂಗ್ ನಿಂತಿತು. ಐಡ್ಲಿಂಗ್ ತೊಂದರೆಗೆ ಕಾರಣ ಬೇರೆಯೇ ಇತ್ತು: ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ (ಸಂದಿಯಲ್ಲಿ ಗಾಳಿ ಸೋರದಂತೆ ತಡೆಯುವ ಹಾಳೆ) ಸೀಳಿ ಗಾಳಿ ಒಳಸೇರುತ್ತಿದ್ದುದರಿಂದ, ಅದನ್ನು ಬದಲಿಸುವವರೆಗೂ ಪೆಟ್ರೋಲು-ಗಾಳಿಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಪ್ರಯೋಜನವಾಗಲಿಲ್ಲ. ಈಗ ಎಂಜಿನ್ನಿನ ಒಳಗಿನ ಗಾಳಿಯ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜಿನ ಮುಳ್ಳು 18 ಇಂಚಿನ (ಪಾದರಸದ ಮಟ್ಟದ ಅಳತೆ) ಹತ್ತಿರ ಅಲುಗಾಡದೆ ನಿಲ್ಲುತ್ತದೆ. ಬೆಳಗಿನ ಚಳಿಯಲ್ಲಿ ಚೋಕ್ (ತಣ್ಣಗಿರುವಾಗ ಕಾರ್ಬ್ಯುರೇಟರಿಗೆ ಗಾಳಿ ಕಡಿಮೆ ಮಾಡುವ ಮುಚ್ಚಳ) ತೆರೆಯುವುದು ಮಾತ್ರ ತುಸು ತಡವಾಗುತ್ತಿದ್ದು, ಅದನ್ನು ಮುಂದೆ ನೋಡಬೇಕು.