ಬೆಣಚುಕಲ್ಲಿನ ಸಂದಿಯಲ್ಲಿ ಹಳದಿ ಲೋಹ: ಚಿನ್ನವೋ, ಪೈರೈಟೋ?

ಪ್ರಶ್ನೆ: ನಮಸ್ಕಾರ ಸರ್. ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಮೆಟಲ್ ಡಿಟೆಕ್ಟರ್ ಬಾಡಿಗೆಗೆ ಪಡೆದು ಡನೋಲಿ ಊರಿನ ಹತ್ತಿರದ ಕಾಡಿಗೆ ಹೋಗಿದ್ದೆವು. ವಿಕ್ಟೋರಿಯಾ ಸರ್ಕಾರದ ‘ಮೈನರ್ಸ್ ರೈಟ್’ ಪರವಾನಗಿ ಮಾಡಿಸಿದ್ದೇವೆ. ಎರಡು ದಿನ ಸೀಸದ ಗುಂಡು, ತುಕ್ಕು ಹಿಡಿದ ಮೊಳೆ ಇಷ್ಟೇ. ಮೂರನೆಯ ದಿನ ಗೇಣುದ್ದ ಆಳದಲ್ಲಿ ಅಡಿಕೆ ಹೋಳಿನಷ್ಟು ದೊಡ್ಡ ಬಿಳಿ ಬೆಣಚುಕಲ್ಲು ಸಿಕ್ಕಿತು. ಅದರ ಸಂದಿಗಳ ತುಂಬ ಹಳದಿ ಲೋಹ. ಅಯಸ್ಕಾಂತಕ್ಕೆ ಅಂಟುವುದಿಲ್ಲ. ಸಾಂದ್ರತೆಯನ್ನೂ ಅಳೆದೆ: ಒಣ ತೂಕ 9.60 ಗ್ರಾಂ, ನೀರಿನಲ್ಲಿ ಕಡಿಮೆಯಾದದ್ದು 1.60 ಗ್ರಾಂ. ಭಾಗಿಸಿದರೆ ಬರೀ 6. ಚಿನ್ನವಾದರೆ 19 ಬರಬೇಕಲ್ಲವೇ? ಗೆಳೆಯರೊಬ್ಬರು ಇದು ಪೈರೈಟ್, ಚಿನ್ನದಂತೆ ಹೊಳೆಯುವ ಕಬ್ಬಿಣ-ಗಂಧಕದ ಖನಿಜ ಎಂದು ನಗುತ್ತಿದ್ದಾರೆ. ಆಸಿಡ್ ಹಾಕಿ ಕಲ್ಲು ಕರಗಿಸಿ ನೋಡಲೇ?

ಉತ್ತರ: ಆಸಿಡ್ ಮುಟ್ಟಬೇಡಿ ತಾಯಿ. ಬೆಣಚುಕಲ್ಲನ್ನು ಕರಗಿಸುವುದು ಹೈಡ್ರೊಫ್ಲೋರಿಕ್ ಆಮ್ಲ. ಅದು ಚರ್ಮದೊಳಗೆ ಇಳಿದು ಜೀವಕ್ಕೇ ಎರವಾಗಬಲ್ಲದು. ನೈಟ್ರಿಕ್ ಆಮ್ಲದ ಹೊಗೆಯೂ ಅಡುಗೆಮನೆಯಲ್ಲಿ ಆಡುವ ವಸ್ತುವಲ್ಲ.

ಇನ್ನು ನಿಮ್ಮ ಲೆಕ್ಕ. ಅದರಲ್ಲಿ ತಪ್ಪಿಲ್ಲ, ಅರ್ಥ ಮಾಡಿಕೊಂಡದ್ದರಲ್ಲಿ ತಪ್ಪಿದೆ. ನೀವು ತೂಗಿದ್ದು ಲೋಹವನ್ನಷ್ಟೇ ಅಲ್ಲ, ಕಲ್ಲನ್ನೂ ಸೇರಿಸಿ. ಬೆಣಚುಕಲ್ಲಿನ ಸಾಂದ್ರತೆ 2.65. ಪೈರೈಟಿನದು ಸುಮಾರು 5. ಇವೆರಡನ್ನು ಹೇಗೆ ಬೆರೆಸಿದರೂ 5 ದಾಟುವುದಿಲ್ಲ. ನಿಮ್ಮದು 6 ಬಂದಿದೆ ಎಂದರೆ ಒಳಗೆ ಪೈರೈಟಿಗಿಂತ ಭಾರವಾದದ್ದು ಏನೋ ಕುಳಿತಿದೆ. ನಿಮ್ಮ ಗೆಳೆಯರು ನಕ್ಕ ಅಂಕಿಯೇ ಅವರ ಮಾತನ್ನು ಅಲ್ಲಗಳೆಯುತ್ತಿದೆ.

ಹಿತ್ತಾಳೆಯ ಸಾಂದ್ರತೆ 8.5ರ ಆಸುಪಾಸು, ಹಾಗಾಗಿ ಅಂಕಿಯೊಂದನ್ನೇ ನಂಬಿ ಕೂರುವಂತಿಲ್ಲ. ಆದರೆ ಹಿತ್ತಾಳೆ ಮನುಷ್ಯ ಮಾಡಿದ ಲೋಹ, ಬೆಣಚುಕಲ್ಲಿನ ಬಿರುಕಿನೊಳಗೆ ಬೇರಿನಂತೆ ಹೆಣೆದುಕೊಂಡು ಬೆಳೆಯುವುದಿಲ್ಲ. ಭೂತಗನ್ನಡಿ ಹಿಡಿದು ಅದನ್ನು ನೋಡಿ. ಆಮೇಲೆ ಕಾಣದ ಮೂಲೆಯಲ್ಲಿ ಸೂಜಿಯ ಮೊನೆ ಒತ್ತಿ. ಚಿನ್ನವಾದರೆ ಬೆಣ್ಣೆಗೆ ಉಗುರು ತಾಗಿದಂತೆ ಗುಳಿ ಬೀಳುತ್ತದೆ, ಪೈರೈಟ್ ಚೂರಾಗಿ ಸಿಡಿಯುತ್ತದೆ. ನೆರಳಿಗೆ ಒಯ್ದು ತಿರುಗಿಸಿ ನೋಡಿ: ಪೈರೈಟಿನ ಮಿಂಚು ಒಂದು ಕೋನದಲ್ಲಿ ಬಂದು ಇನ್ನೊಂದರಲ್ಲಿ ಆರಿಹೋಗುತ್ತದೆ, ಚಿನ್ನದ ಹಳದಿ ಹಾಗೆಯೇ ಇರುತ್ತದೆ. ನಮ್ಮ ತಂದೆ ಅಕ್ಕಸಾಲಿಗರು. ಒರೆಗಲ್ಲು ಕೈಗೆತ್ತಿಕೊಳ್ಳುವ ಮೊದಲು ಈ ನೆರಳಿನ ಪರೀಕ್ಷೆ ಮಾಡುತ್ತಿದ್ದರು. ಪರೀಕ್ಷಾಲಯದಲ್ಲಿ ಇಪ್ಪತ್ತು ವರ್ಷ ದುಡಿದ ಮೇಲೂ ನನ್ನ ಕೈ ಮೊದಲು ಹೋಗುವುದು ಅದಕ್ಕೇ.

ಹಳದಿಯೆಲ್ಲ ಚಿನ್ನ, ಬಿಳಿಯೆಲ್ಲ ಬೆಣಚು ಎಂದಾದರೆ ಅಂದಾಜು ಸುಲಭ: ನೀರಿನೊಳಗಿನ ತೂಕವನ್ನು 3.08ರಿಂದ ಗುಣಿಸಿ, ಅದರಲ್ಲಿ ಒಣ ತೂಕದ 1.92 ಪಟ್ಟನ್ನು ಕಳೆಯಿರಿ. ನಿಮ್ಮದು 8.00 (9.60ರಲ್ಲಿ 1.60 ಕಳೆದದ್ದು) ಮತ್ತು 9.60. 24.64ರಲ್ಲಿ 18.43 ಕಳೆದರೆ ಸುಮಾರು 6.2 ಗ್ರಾಂ ಚಿನ್ನ!

ಒಮ್ಮೆ ಮತ್ತೆ ತೂಗಿ. ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಅಂಕಿ ಕೆಡುತ್ತದೆ, ಆದ್ದರಿಂದ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರಿನಲ್ಲಿ ಕಲ್ಲನ್ನು ಒಂದು ಗಂಟೆ ನೆನೆಸಿಡಿ. ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆ ಮಾಡಿ, ಕಲ್ಲನ್ನು ತೆಳು ದಾರದಲ್ಲಿ ತೂಗುಬಿಟ್ಟು, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ. ಆಗ ಕಾಣುವ ಅಂಕಿಯೇ ಕಡಿಮೆಯಾದ ತೂಕ.

ಪ್ರಶ್ನೆ (ಬಳ್ಳಾರಿಯಿಂದ ಇನ್ನೊಬ್ಬರು): ಇಂತಹ ಮೆಟಲ್ ಡಿಟೆಕ್ಟರ್ ತಂದು ಹಂಪಿಯ ಸುತ್ತಲಿನ ಹೊಲಗಳಲ್ಲಿ ಹುಡುಕಬಹುದೇ?

ಉತ್ತರ: ಬೇಡ. ಅಲ್ಲಿ ಸಿಗುವುದು ನೆಲದಲ್ಲಿ ಹುಟ್ಟಿದ ಚಿನ್ನವಲ್ಲ, ಯಾರೋ ಹೂತಿಟ್ಟ ನಿಧಿ. 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಂರಕ್ಷಿತ ಸ್ಮಾರಕಗಳ ಬಳಿ ನೆಲ ಅಗೆದರೆ ಬೇರೆಯೇ ಮೊಕದ್ದಮೆ.

ಪ್ರಶ್ನೆ (ಮೊದಲಿನವರು): ಸರ್, ನೆನೆಸಿ ತೂಗಿದೆ. ಈ ಸಲ 1.52. ಸೂಜಿಗೆ ಗುಳಿಯೂ ಬಿತ್ತು. ನನ್ನ ಲೆಕ್ಕಕ್ಕೆ 6.45 ಗ್ರಾಂ! ಕಲ್ಲು ಒಡೆದು ಚಿನ್ನ ಬೇರ್ಪಡಿಸಿ ಮಾರಲೇ?

ಉತ್ತರ: ಲೆಕ್ಕ ಸರಿಯಾಗಿದೆ. ಸುತ್ತಿಗೆಯನ್ನು ಮಾತ್ರ ದೂರವಿಡಿ. ಬೆಣಚಿನೊಡನೆ ಹೆಣೆದ ಚಿನ್ನಕ್ಕೆ ಸಂಗ್ರಾಹಕರು ಕರಗಿಸಿದ ಚಿನ್ನಕ್ಕಿಂತ ಹೆಚ್ಚು ಕೊಡುವುದುಂಟು. ನಿಮ್ಮ ಸೀಮೆಯದೇ ಒಂದು ಕಥೆಯಿದೆ. 2015ರಲ್ಲಿ ಮೇರಿಬರೊ ಬಳಿ ಡಿಟೆಕ್ಟರಿಗೆ 17 ಕಿಲೋದ ಕೆಂಪು ಬಂಡೆ ಸಿಕ್ಕಿತು. ಸಿಕ್ಕವರು ಒಳಗೆ ಚಿನ್ನವಿದೆ ಎಂದು ಗರಗಸ, ಡ್ರಿಲ್, ಆಸಿಡ್, ಸುತ್ತಿಗೆ ಎಲ್ಲವನ್ನೂ ಪ್ರಯೋಗಿಸಿದರು. ಅದು ಜಗ್ಗಲಿಲ್ಲ. ಕೊನೆಗೆ ಮೆಲ್ಬರ್ನ್ ವಸ್ತುಸಂಗ್ರಹಾಲಯದವರು ನೋಡಿದಾಗ ಅದು ಉಲ್ಕಾಶಿಲೆ ಎಂದು ತಿಳಿಯಿತು. ಪುಣ್ಯಕ್ಕೆ ಒಡೆದಿರಲಿಲ್ಲ.

ಕೊಳ್ಳುವವರ ಬಳಿ ಲೋಹದ ಶುದ್ಧತೆ ಅಳೆಯುವ ಎಕ್ಸ್-ರೇ ಯಂತ್ರವಿದ್ದರೆ ಮುಂದೆ ನಿಂತು ಪರೀಕ್ಷೆ ಮಾಡಿಸಿ. ಅದು ಮೇಲ್ಮೈಯನ್ನಷ್ಟೇ ಓದುತ್ತದೆ ಎಂಬುದು ನೆನಪಿರಲಿ. ಚಿನ್ನದ ಗಟ್ಟಿಯ ಹೊರಪದರದಲ್ಲಿ ಬೆರೆತಿದ್ದ ಬೆಳ್ಳಿ ಕಾಲಾಂತರದಲ್ಲಿ ಸೋರಿಹೋಗುವುದರಿಂದ ಶುದ್ಧತೆ ಇರುವುದಕ್ಕಿಂತ ತುಸು ಹೆಚ್ಚೇ ಕಾಣಬಹುದು. ‘ಸ್ವಲ್ಪ ಕರಗಿಸಿ ನೋಡೋಣ’ ಎಂದು ಯಾರಾದರೂ ಹೇಳಿದರೆ ಕಲ್ಲನ್ನು ಜೇಬಿಗೆ ಹಾಕಿಕೊಂಡು ಹೊರಡಿ. ತೆಗೆದ ಗುಂಡಿ ಮುಚ್ಚಿ ಬಂದಿದ್ದೀರಿ ತಾನೆ?