ಪದಚರ್ಚೆ: ‘ಶೇರ್ಡ್ ಫೋಲ್ಡರ್’, ‘ಶೇರ್ಡ್ ಪ್ರಿಂಟರ್’ – ಫಲಕಕ್ಕೆ ಕನ್ನಡ ಬೇಕು, ಗುರುವಾರದೊಳಗೆ

ಹುಬ್ಬಳ್ಳಿ, ಸೋಮವಾರ ಬೆಳಿಗ್ಗೆ

ಬಲ್ಲವರಿಗೆ ನಮಸ್ಕಾರ. ಇಲ್ಲಿನ ಒಂದು ವಾಚನಾಲಯದ ಕಂಪ್ಯೂಟರ್ ಕೋಣೆಗೆ ಫಲಕ ಬರೆಸುವುದಿದೆ. ಗುರುವಾರ ಸಂಜೆಯೊಳಗೆ ಮಜಕೂರು ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಕೋಣೆಯಲ್ಲಿ ಒಂದು ಲಿನಕ್ಸ್ ಯಂತ್ರ, ಅದಕ್ಕೆ ಎರಡು ಪ್ರಿಂಟರ್. ಸುತ್ತ ಒಂಬತ್ತು ವಿಂಡೋಸ್, ಎರಡು ಮ್ಯಾಕ್. ನಡುವೆ ಸಾಂಬಾ ಎಂಬ ಉಚಿತ ತಂತ್ರಾಂಶ. ಯಾವ ಯಂತ್ರದ ಮುಂದೆ ಕೂತರೂ ಅದೇ ಫೋಲ್ಡರ್ ತೆರೆಯುತ್ತದೆ, ಅದೇ ಪ್ರಿಂಟರಿನಿಂದ ಹಾಳೆ ಬರುತ್ತದೆ.

‘ಹಂಚಿಕೆಯ ಕಡತಕೋಶ, ಹಂಚಿಕೆಯ ಮುದ್ರಕ’ ಎಂದು ಬರೆದುಕೊಂಡಿದ್ದೇನೆ. ಓದಿದವರು ‘ಯಾರಿಗೆ ಹಂಚತೀರಿ?’ ಎಂದು ಕೇಳುತ್ತಿದ್ದಾರೆ. ಜೊತೆಗೆ ಎರಡು ಪುಟದ ಕೈಪಿಡಿಯನ್ನೂ ಅನುವಾದಿಸಬೇಕು, ಅದರಲ್ಲಿ ‘ಕ್ಯೂ’, ‘ಸ್ಪೂಲ್’ (ಪ್ರಿಂಟಿಗೆ ಕೊಟ್ಟದ್ದನ್ನು ಪ್ರಿಂಟರಿಗೆ ಬಿಡುವವರೆಗೆ ಕೂಡಿಡುವ ಜಾಗ) ಬರುತ್ತವೆ. ಕ್ಯೂಗೆ ‘ಸರದಿ’ ನಡೆದೀತೇ? ಸ್ಪೂಲಿಗೆ ಏನೂ ಹೊಳೆದಿಲ್ಲ.

ಧಾರವಾಡ, ಸೋಮವಾರ ಮಧ್ಯಾಹ್ನ

‘ಹಂಚಿಕೆ’ ಬೇಡ. ಹಂಚಿದ್ದು ಕೈಬಿಟ್ಟು ಹೋಗುತ್ತದೆ. ಪ್ರಸಾದ ಹಂಚಿದರೆ ತಟ್ಟೆ ಖಾಲಿ. ಇಲ್ಲಿ ಫೋಲ್ಡರ್ ಇದ್ದಲ್ಲೇ ಇದೆ. ಅದಲ್ಲದೆ ನಮ್ಮ ಕಡೆ ‘ಹಂಚಿಕೆ ಹಾಕು’ ಎಂದರೆ ಉಪಾಯ ಹೂಡುವುದು.

ಇದಕ್ಕೆ ಕನ್ನಡದ್ದೇ ಮಾತಿದೆ: ಹಳಗನ್ನಡದ ‘ಪುದು’, ಪಕಾರ ಹಕಾರವಾಗಿ ‘ಹುದು’. ಹಲವರು ಕೂಡಿ ಅನುಭವಿಸುವ ಒಡೆತನ ಎಂಬುದೇ ಅದರ ಅರ್ಥ. ತಮಿಳಿನ ‘ಪೊದು’ ಇದರ ಒಡಹುಟ್ಟು, ಅಲ್ಲಿ ಇಂದಿಗೂ ದಿನಬಳಕೆಯಲ್ಲಿದೆ. 1894ರ ಕಿಟ್ಟೆಲ್ ನಿಘಂಟು ತೆಗೆದು ನೋಡಿ. ‘ಹುದುಕಡತ’, ‘ಹುದುಮುದ್ರಕ’ ಎಂದು ಬರೆಯಿರಿ. ಒಂದು ವರ್ಷ ಗೋಡೆಯ ಮೇಲಿದ್ದರೆ ಜನರ ಬಾಯಿಗೆ ಬರುತ್ತದೆ.

ಗದಗ, ಸೋಮವಾರ ಸಂಜೆ

‘ಹುದು’ ಫಲಕಕ್ಕೆ ಆಗದು. ಓದುವವನಿಗೆ ನೆನಪಾಗುವುದು ಹುದುಲು, ಇಲ್ಲವೇ ಹುದುಗು. ಪ್ರಿಂಟ್ ತೆಗೆಯಲು ಬಂದವನ ಕೈಗೆ ನಿಘಂಟು ಕೊಡಲಾಗದು.

‘ಮುದ್ರಕ’ವನ್ನೂ ತೆಗೆಯಿರಿ. ಮುದ್ರಕ ಎಂದರೆ ಮನುಷ್ಯ. ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ‘ಮುದ್ರಕರು ಮತ್ತು ಪ್ರಕಾಶಕರು’ ಎಂದು ಹೆಸರು ಹಾಕುವುದು 1867ರ ಕಾಯ್ದೆಯ ಕಾಲದಿಂದ ನಡೆದು ಬಂದದ್ದು. ಹೊಣೆ ಹೊರುವವನು ಮುದ್ರಕ, ಹಾಳೆ ಉಗುಳುವ ಪೆಟ್ಟಿಗೆ ಪ್ರಿಂಟರ್. ಊರ ತುಂಬ ಅಚ್ಚುಕೂಟಗಳಿರುವ ಗದಗಿನಲ್ಲಿ ಈ ಎರಡನ್ನು ಯಾರೂ ಕಲಸುವುದಿಲ್ಲ.

ಸ್ಪೂಲಿಗೆ ಪದ ಹುಡುಕಿಕೊಂಡು ಬಹಳ ದೂರ ಹೋಗಬೇಕಿಲ್ಲ, ಬೆಟಗೇರಿಯ ಯಾವ ಮಗ್ಗದ ಮನೆಯಲ್ಲಿ ಕೇಳಿದರೂ ಸಿಗುತ್ತದೆ: ಕಂಡಿಕೆ. ಇಂಗ್ಲಿಷಿನ ಆ ಮಾತಿನ ಮೂಲ ಅರ್ಥವೂ ನೂಲು ಸುತ್ತುವ ಕೊಳವೆಯೇ. ಅದು ನಾಲ್ಕೈದು ಪದಗಳ ಮೊದಲಕ್ಷರ ಕೂಡಿಸಿ ಮಾಡಿದ ಹೆಸರು ಎಂದು ಕಂಪ್ಯೂಟರ್ ಪುಸ್ತಕಗಳು ಹೇಳುವುದು ಆಮೇಲೆ ಹೊಂದಿಸಿಕೊಂಡ ವಿವರಣೆ ಎಂದೇ ನನ್ನ ಅಭಿಪ್ರಾಯ. ಕೆಲಸವೂ ಒಂದೇ ಬಗೆಯದು. ನೂಲನ್ನು ಮೊದಲು ಕಂಡಿಕೆಗೆ ಸುತ್ತಿಟ್ಟುಕೊಂಡು, ಆಮೇಲೆ ಲಾಳಿಯೊಳಗೆ ಕೂರಿಸಿ, ಮಗ್ಗ ನಡೆದ ವೇಗಕ್ಕೆ ತಕ್ಕಂತೆ ಬಿಚ್ಚುತ್ತಾರೆ. ನೂಲುವ ರಾಟಿಯ ವೇಗ ಬೇರೆ, ನೇಯುವ ಮಗ್ಗದ ವೇಗ ಬೇರೆ. ನಡುವೆ ಕಂಡಿಕೆ ಇದ್ದರಷ್ಟೇ ಎರಡೂ ಕೂಡಿ ನಡೆಯುತ್ತವೆ.

ಹಾವೇರಿ, ಸೋಮವಾರ ರಾತ್ರಿ

ಇಷ್ಟ್ಯಾಕ ತಡಕಾಡ್ತೀರಿ? ನಮ್ಮ ಹೊಲದ ಕಾಗದದಾಗ ಐತಲ್ಲರಿ, ‘ಸಮಾಯಿಕ’. ಸಮಾಯಿಕ ಬಾವಿ, ಸಮಾಯಿಕ ಗ್ವಾಡಿ. ಇಬ್ಬರು ಅಣ್ಣತಮ್ಮರ ನಡುವಿನ ಬಾವಿನ ಯಾರೂ ಕಡದು ಹಂಚಿಕೊಳ್ಳೂದಿಲ್ಲ. ನೀರು ಇಬ್ಬರೂ ಸೇದ್ತಾರ, ಬಾವಿ ಒಂದ. ನಿಮ್ಮ ಫೋಲ್ಡರ್ ಅದ ಬಾವಿ.

‘ಪಾಲು’ ಅಂತ ಯಾರಾದರೂ ಹೇಳೂದರೊಳಗ ಹೇಳಿಬಿಡ್ತೇನಿ, ಅದು ಬ್ಯಾಡ. ‘ಮನಿ ಪಾಲಾತು’ ಅಂದ್ರ ಒಡದು ಎರಡಾತು ಅಂತ. ‘ನೀರುಪಾಲು’ ಅಂದ್ರ ಹೋದದ್ದು ತಿರುಗಿ ಬರೂದಿಲ್ಲ. ಫೈಲ್ ಇಡೂ ಜಾಗಾಕ್ಕ ಆ ಹೆಸರು ಇಡಬಾರದು.

ಕ್ಯೂ ಅಂದ್ರ ಪಾಳಿ. ‘ಸರದಿ’ ಪೇಪರದಾಗಿನ ಮಾತು. ‘ಪಾಳಿ ಹಚ್ಚರಿ’ ಅಂದ್ರ ರೇಶನ್ ಅಂಗಡಿ ಮುಂದ ನಿಂತವರಿಗೂ ತಿಳೀತದ.

ಧಾರವಾಡ, ಮಂಗಳವಾರ ಬೆಳಿಗ್ಗೆ

‘ಸಮಾಯಿಕ’ ಮರಾಠಿಯ ‘ಸಾಮಾಯಿಕ’. ಮುಂಬೈ ಪ್ರಾಂತದ ಕಚೇರಿಗಳಿಂದ ನಮ್ಮ ಕಾಗದಪತ್ರಕ್ಕೆ ಇಳಿದದ್ದು. ಜೈನರಲ್ಲಿ ಸಾಮಾಯಿಕ ಎಂದರೆ 48 ನಿಮಿಷ ಸಮಭಾವದಲ್ಲಿ ಕೂರುವ ವ್ರತ. ಈ ಭಾಗದ ಜೈನ ಓದುಗರಿಗೆ ಮೊದಲು ಹೊಳೆಯುವುದು ಅದೇ. ಮನೆಯಲ್ಲೇ ಇರುವ ಪದವನ್ನು ಅಟ್ಟದ ಮೇಲೆ ಹಾಕಿ ನೆರೆಮನೆಯಿಂದ ಕಡ ತರುವುದನ್ನು ನಾನು ಒಪ್ಪುವುದಿಲ್ಲ. ಇವತ್ತು ಮರಾಠಿಯಿಂದ, ನಾಳೆ ಹಿಂದಿಯಿಂದ, ನಾಡಿದ್ದು ‘ಶೇರ್’ ಅಂತಲೇ ಬರೆಯುತ್ತೀರಿ.

ಇನ್ನು ‘ಸಾಂಬಾ’. ‘ಸ ಅಂಬಾ’, ಅಂಬೆಯೊಡನೆ ಇರುವವನು ಸಾಂಬ. ಜೊತೆಗಿರುವುದು ಎಂಬ ಅರ್ಥ ಹೆಸರಿನಲ್ಲೇ ಇದೆ. ಫಲಕದಲ್ಲಿ ಹ್ರಸ್ವಾಂತವಾಗಿ ‘ಸಾಂಬ’ ಎಂದೇ ಬರೆಯಬೇಕು.

ಹಾವೇರಿ, ಮಂಗಳವಾರ

ಸಂಸ್ಕೃತದಿಂದ ಬಂದ ‘ಪುಸ್ತಕ’ ನಡೀತದ, ಪಾರಸಿಯ ‘ಕಾಗದ’ ನಡೀತದ, ಮರಾಠಿ ಅಂದಕೂಡಲೇ ಸಿಟ್ಟು. ನೂರು ವರ್ಷ ನಮ್ಮ ರೈತರ ಖರೇದಿ ಪತ್ರದಾಗ ಇದ್ದ ಮಾತು ಕಡದ್ದಲ್ಲ. ಬಡ್ಡಿ ಸಮೇತ ತೀರಿಸಿದ್ದು ಅದು.

ಹುಬ್ಬಳ್ಳಿ, ನವನಗರ, ಮಂಗಳವಾರ ರಾತ್ರಿ

ಸಾಂಬಾ ಸರ್ವರ್ ನಡೆಸುವವರ ಕಡೆಯಿಂದ ನಾಲ್ಕು ಮಾತು. ಪದ ಆರಿಸುವ ಮುನ್ನ ಆ ಯಂತ್ರದೊಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿರಬೇಕು.

ಮೊದಲು ಹೆಸರು. ಅದಕ್ಕೂ ಅಂಬೆಗೂ ಸಂಬಂಧವಿಲ್ಲ. ವಿಂಡೋಸ್ ಫೈಲ್ ಕೊಟ್ಟು ತೆಗೆದುಕೊಳ್ಳಲು ಬಳಸುವ ಭಾಷೆ ಎಸ್‌ಎಂಬಿ, 1983ರ ಸುಮಾರಿಗೆ ಐಬಿಎಂನಲ್ಲಿ ಹುಟ್ಟಿದ್ದು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಆ ಭಾಷೆ ಆಡುವ ಸರ್ವರ್ ಬರೆದು 1992ರಲ್ಲಿ ಹೊರಬಿಟ್ಟರು. ಮೊದಲಿಟ್ಟ ಹೆಸರಿಗೆ ಇನ್ನೊಂದು ಕಂಪನಿಯ ಟ್ರೇಡ್‌ಮಾರ್ಕ್ ಅಡ್ಡ ಬಂತು. ಆಗ ಅವರು ಯಂತ್ರದಲ್ಲಿದ್ದ ಪದಪಟ್ಟಿಯಲ್ಲಿ ಎಸ್, ಎಂ, ಬಿ ಈ ಮೂರೂ ಅಕ್ಷರ ಇದೇ ಸಾಲಿನಲ್ಲಿ ಬರುವ ಮಾತು ಹುಡುಕಿದರು, ಸಿಕ್ಕವುಗಳಲ್ಲಿ ‘ಸಾಂಬಾ’ ಒಂದು. ಅಂಕಿತನಾಮ, ದೀರ್ಘ ಇರಲಿ.

ಎರಡನೆಯದು ‘ಉಚಿತ’. ಸಂಸ್ಕೃತದಲ್ಲಿ ಅದು ಯೋಗ್ಯ, ಕನ್ನಡದಲ್ಲಿ ಪುಕ್ಕಟೆ, ಇಲ್ಲಿ ಎರಡೂ ಅಲ್ಲ. ಸಾಂಬಾ ಜಿಪಿಎಲ್ ಪರವಾನಗಿಯಲ್ಲಿದೆ, 3.2ನೇ ಆವೃತ್ತಿಯಿಂದ ಜಿಪಿಎಲ್ 3. ಮೂಲ ಬರಹ ನೋಡಬಹುದು, ತಿದ್ದಬಹುದು, ಕೊಡಬಹುದು, ಹಣ ಪಡೆದೂ ಕೊಡಬಹುದು. ‘ಮುಕ್ತ ತಂತ್ರಾಂಶ’ ಎನ್ನಿ.

ಮೂರನೆಯದೇ ಮುಖ್ಯ. ಸಾಂಬಾದಲ್ಲಿ ‘ಶೇರ್’ ನಾಮಪದ. ಎಸ್‌ಎಂಬಿ.ಕಾನ್ಫ್ ಎಂಬ ಅದರ ಸೆಟ್ಟಿಂಗ್ ಕಡತದಲ್ಲಿ ಚೌಕ ಕಂಸದೊಳಗೆ ಒಂದು ಹೆಸರು, ಅದರ ಕೆಳಗೆ ಐದಾರು ಸಾಲು. ‘ಪಾತ್’ ಅದು ಎಲ್ಲಿದೆ ಎಂದು ಹೇಳುತ್ತದೆ. ‘ವ್ಯಾಲಿಡ್ ಯೂಸರ್ಸ್’ ಯಾರು ಒಳಗೆ ಬರಬಹುದು ಎಂದು. ‘ರೀಡ್ ಓನ್ಲಿ’ ತಾನಾಗಿ ‘ಯೆಸ್’ ಇರುತ್ತದೆ, ‘ನೋ’ ಎಂದು ಬರೆಯದಿದ್ದರೆ ಓದಬಹುದು, ಉಳಿಸಲಾಗದು. ಅಂದರೆ ಶೇರ್ ಎಂಬುದು ಹೆಸರು ಪಟ್ಟಿಯಲ್ಲಿರುವ ಕೆಲವರು ಕೂಡಿ ಬಳಸುವ ಒಂದೇ ಜಾಗ. ಇಲ್ಲಿ ಯಾರೂ ಇನ್ನೂ ಹೇಳದ ‘ಎಲ್ಲರ ಫೋಲ್ಡರ್’, ‘ಸಾರ್ವಜನಿಕ ಫೋಲ್ಡರ್’ ಎಂಬವು ಅದಕ್ಕೇ ತಪ್ಪು. ಅವನ್ನು ಓದಿದವನು ಪಾಸ್‌ವರ್ಡ್ ಕೇಳಿದಾಗ ಜಗಳಕ್ಕೆ ಬರುತ್ತಾನೆ. ಹಾವೇರಿಯವರ ಸಮಾಯಿಕ ಬಾವಿ ನೂರಕ್ಕೆ ನೂರು ಕೂಡುತ್ತದೆ: ಬಾವಿ ಒಂದು, ಹಕ್ಕುದಾರರು ಕಾಗದದಲ್ಲಿ ಬರೆದವರು. ‘ಪಾಲು’ ಎಂಬುದನ್ನೂ ಬಿಸಾಡಬೇಡಿ, ಒಬ್ಬೊಬ್ಬರಿಗೆ ಇಷ್ಟೇ ಜಿಬಿ ಎಂದು ಮಿತಿ ಹಾಕುವ ‘ಕೋಟಾ’ಕ್ಕೆ ಅದು ಸರಿ.

‘ಹಂಚಿಕೊಳ್ಳು’ ಕ್ರಿಯಾಪದವಾಗಿ ಉಳಿಯಲಿ. ಫೋನಿನ ಪರದೆಯಲ್ಲಿ ಜನ ದಿನವೂ ಓದುತ್ತಿದ್ದಾರೆ. ‘ಕೊಳ್ಳು’ ಸೇರಿದ್ದರಿಂದ ಧಾರವಾಡದವರು ಹೇಳಿದ ತಟ್ಟೆ ಖಾಲಿಯಾಗುವ ತೊಡಕೂ ಅದಕ್ಕಿಲ್ಲ.

ಕಂಡಿಕೆಯನ್ನು ಒಪ್ಪುತ್ತೇನೆ. ಪ್ರಿಂಟಿಗೆ ಕೊಟ್ಟದ್ದು ಮೊದಲು ಲಿನಕ್ಸಿನ ‘ವಾರ್’ (var) ಫೋಲ್ಡರಿನ ಅಡಿಯ ಸ್ಪೂಲ್ ಡೈರೆಕ್ಟರಿಯಲ್ಲಿ ಕಡತವಾಗಿ ಕೂರುತ್ತದೆ, ಆಮೇಲೆ ಲಿನಕ್ಸಿನ ಪ್ರಿಂಟಿಂಗ್ ವ್ಯವಸ್ಥೆಯಾದ ಕಪ್ಸ್ ಅದನ್ನು ಪ್ರಿಂಟರಿಗೆ ಬಿಡುತ್ತದೆ. ಆ ಡಿಸ್ಕ್ ತುಂಬಿದರೆ ಪ್ರಿಂಟರ್ ಸರಿ ಇದ್ದರೂ ಹಾಳೆ ಬರುವುದಿಲ್ಲ. ‘ಕಂಡಿಕೆಯಲ್ಲಿ ಜಾಗವಿಲ್ಲ’ ಎಂದರೆ ಹುಡುಕುವ ಜಾಗವೂ ಗೊತ್ತಾಗುತ್ತದೆ. ಆ ಡೈರೆಕ್ಟರಿಯ ಅನುಮತಿ 1777 (ಎಲ್ಲರೂ ಬರೆಯಬಹುದು, ಇನ್ನೊಬ್ಬರದನ್ನು ಅಳಿಸಲಾಗದು) ಇರಬೇಕು, ಇಲ್ಲದಿದ್ದರೆ ಕೆಲವರ ಪ್ರಿಂಟ್ ಮಾತ್ರ ಹೋಗುತ್ತದೆ.

ಇನ್ನು ಫಲಕದಲ್ಲಿ ಪದಕ್ಕಿಂತ ಹೆಚ್ಚು ಬೇಕಾದದ್ದು ವಿಳಾಸ. ವಿಂಡೋಸಿನ ‘ನೆಟ್‌ವರ್ಕ್’ ಕಿಟಕಿ ತೆರೆದರೆ ಸಾಂಬಾ ಯಂತ್ರ ಅಲ್ಲಿ ಕಾಣುವ ಖಾತ್ರಿಯಿಲ್ಲ. ಅಲ್ಲಿನ ಹಳೆಯ ಪಟ್ಟಿ ಎಸ್‌ಎಂಬಿಯ ಹಳೆಯ ಆವೃತ್ತಿಯಾದ ಎಸ್‌ಎಂಬಿ 1ರ ಜೊತೆ ಹೋಯಿತು. 2019ರ ಸಾಂಬಾ 4.11ರಿಂದ ಎಸ್‌ಎಂಬಿ 1 ತಾನಾಗಿ ಬಂದ್ ಇದೆ, ಭದ್ರತೆಯ ದೃಷ್ಟಿಯಿಂದ ಹಾಗೇ ಇರಲಿ. ಆದ್ದರಿಂದ ವಿಂಡೋಸಿನವರು ವಿಳಾಸದ ಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಸರ್ವರಿನ ಹೆಸರು ಬರೆಯಬೇಕು. ಮ್ಯಾಕಿನವರು ಫೈಂಡರಿನಲ್ಲಿ ಕಮಾಂಡ್ ಮತ್ತು ಕೆ ಒತ್ತಿ, ಎಸ್‌ಎಂಬಿ, ಕೋಲನ್, ಎರಡು ಮುಂದೊರಗಿನ ಗೆರೆ, ಆಮೇಲೆ ಹೆಸರು. ಸರ್ವರಿನ ಹೆಸರು 15 ಅಕ್ಷರ ಮೀರಬಾರದು.

ಪಾಸ್‌ವರ್ಡ್ ಬಗ್ಗೆ ಕೈಪಿಡಿಯಲ್ಲಿ ಒಂದು ಸಾಲು ಸೇರಿಸಿ. ಲಿನಕ್ಸಿನ ಪಾಸ್‌ವರ್ಡ್ ಬೇರೆ, ಸಾಂಬಾದ್ದು ಬೇರೆ. ಮೊದಲು ಲಿನಕ್ಸಿನಲ್ಲಿ ಖಾತೆ ಇರಬೇಕು, ಆಮೇಲೆ ‘ಎಸ್‌ಎಂಬಿಪಾಸ್‌ಡಬ್ಲ್ಯೂಡಿ’ (smbpasswd) ಆಜ್ಞೆಗೆ ‘-a’ ಸೇರಿಸಿ ಸಾಂಬಾದಲ್ಲಿ ದಾಖಲಿಸಬೇಕು. ಒಂದೇ ವಿಂಡೋಸಿನಿಂದ ಒಂದೇ ಸರ್ವರಿಗೆ ಏಕಕಾಲಕ್ಕೆ ಎರಡು ಹೆಸರಿನಲ್ಲಿ ಹೋದರೆ 1219 ಎಂಬ ದೋಷ ಬರುತ್ತದೆ. ಹಿಂದೆ ಕೂತವನ ಸಂಪರ್ಕ ಕಡಿದು ಹೊಸಬ ಪ್ರವೇಶಿಸಬೇಕು. ಪ್ರಿಂಟರ್ ಡ್ರೈವರನ್ನು ಒಂಬತ್ತೂ ವಿಂಡೋಸಿಗೆ ನೀವೇ ಮೊದಲೇ ಹಾಕಿಡಿ. 2021ರಲ್ಲಿ ವಿಂಡೋಸಿನ ಪ್ರಿಂಟ್ ವ್ಯವಸ್ಥೆಯಲ್ಲಿ ಕಂಡ ಪ್ರಿಂಟ್‌ನೈಟ್‌ಮೇರ್ ಎಂಬ ಭದ್ರತಾ ದೋಷದ ನಂತರ, ಅಡ್ಮಿನ್ ಅಲ್ಲದವರು ಸರ್ವರಿನಿಂದ ಡ್ರೈವರ್ ಎಳೆದುಕೊಳ್ಳುವುದನ್ನು ವಿಂಡೋಸ್ ತಡೆಯುತ್ತದೆ.

ಹುಬ್ಬಳ್ಳಿ, ಬುಧವಾರ ಬೆಳಿಗ್ಗೆ

ಉಪಕಾರವಾಯಿತು. ಹಾಗಾದರೆ ಶೇರಿನ ಹೆಸರನ್ನೇ ಕನ್ನಡ ಲಿಪಿಯಲ್ಲಿ ‘ಸಮಾಯಿಕ’ ಎಂದು ಇಡಬಹುದೇ? ಒಳಗಿನ ಫೈಲುಗಳ ಹೆಸರೂ ಕನ್ನಡದಲ್ಲೇ ಇವೆ.

ಹುಬ್ಬಳ್ಳಿ, ನವನಗರ, ಬುಧವಾರ

ಇಡಬಹುದು, ಈಗಿನ ವಿಂಡೋಸ್ ಒಪ್ಪುತ್ತದೆ. ಆದರೆ ಪ್ರತಿ ಯಂತ್ರದಲ್ಲೂ ಕನ್ನಡ ಕೀಲಿಮಣೆ ಇರದಿದ್ದರೆ ಟೈಪಿಸಲಾಗದು. ಶೇರಿನ ಹೆಸರು ರೋಮನ್ ಅಕ್ಷರದಲ್ಲಿರಲಿ, ‘ಕಾಮೆಂಟ್’ ಸಾಲಿನಲ್ಲಿ ಕನ್ನಡ ಬರೆಯಿರಿ. ಆ ಸೆಟ್ಟಿಂಗ್ ಕಡತವನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಉಳಿಸಿ, ‘ಟೆಸ್ಟ್‌ಪಾರ್ಮ್’ ಆಜ್ಞೆ ಓಡಿಸಿ ತಪ್ಪಿಲ್ಲವೆಂದು ನೋಡಿ, ಆಮೇಲೆ ಸರ್ವರಿಗೆ ಮತ್ತೆ ಓದಿಸಿ.

ಫೈಲಿನ ಹೆಸರಿನಲ್ಲಿ ಒಂದು ಗಂಡಾಂತರವಿದೆ. ವಿಂಡೋಸ್ ಹೆಸರಿಗೆ 255 ಅಕ್ಷರ ಬಿಡುತ್ತದೆ. ಲಿನಕ್ಸ್ ಡಿಸ್ಕಿನಲ್ಲಿ ಫೈಲ್ ಇಡುವ ವ್ಯವಸ್ಥೆಯಾದ ಇಎಕ್ಸ್‌ಟಿ4 ಬಿಡುವುದು 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಕಾಗುಣಿತದ ಚಿಹ್ನೆಗೂ 3, ಒತ್ತಕ್ಷರದ ಹಲಂತಕ್ಕೂ 3. ‘ಗ್ರಂಥಾಲಯ’ ಬಿಡಿಸಿ ನೋಡಿ: ಗ, ಹಲಂತ, ರ, ಸೊನ್ನೆ, ಥ, ದೀರ್ಘ, ಲ, ಯ. ಎಂಟು ಸಂಕೇತ, 24 ಬೈಟ್. ಕನ್ನಡದ 85 ಸಂಕೇತ ದಾಟಿದರೆ ವಿಂಡೋಸಿನಲ್ಲಿ ಸಲೀಸಾಗಿ ಉಳಿದ ಫೈಲ್ ಈ ಫೋಲ್ಡರಿಗೆ ಬರುವುದಿಲ್ಲ. ಠರಾವಿನ ಪೂರ್ತಿ ವಿಷಯವನ್ನೇ ಫೈಲಿನ ಹೆಸರಾಗಿ ಇಡುವ ರೂಢಿ ಇರುವಲ್ಲಿ ಇದು ಮೇಲಿಂದ ಮೇಲೆ ಆಗುತ್ತದೆ.

ಧಾರವಾಡ, ಬುಧವಾರ

ಹೆಸರಿನ ಮೂಲ ತಿಳಿಯಿತು, ದೀರ್ಘಕ್ಕೆ ತಕರಾರಿಲ್ಲ. ‘ಸಮಾಯಿಕ’ಕ್ಕೆ ಒಪ್ಪಿಗೆಯೂ ಇಲ್ಲ. ಕೈಪಿಡಿಯ ಪದಪಟ್ಟಿಯಲ್ಲಾದರೂ ‘ಹುದು’ವಿಗೆ ಒಂದು ಸಾಲು ಕೊಡಿ. ಬರೆದಿಡದ ಪದ ಸಾಯುತ್ತದೆ.

ಹುಬ್ಬಳ್ಳಿ, ಗುರುವಾರ ಬೆಳಿಗ್ಗೆ

ಪದಪಟ್ಟಿಯಲ್ಲಿ ‘ಹುದು’ ಹಾಕಿದ್ದೇನೆ. ಫಲಕದ ಮಜಕೂರು ಹೀಗಿದೆ:

ಸಮಾಯಿಕ ಫೋಲ್ಡರ್, ಸಮಾಯಿಕ ಪ್ರಿಂಟರ್
ಹೆಸರು ನೋಂದಾಯಿಸಿದ ಸದಸ್ಯರಿಗೆ
ಪ್ರಿಂಟ್ ಪಾಳಿಯ ಪ್ರಕಾರ ಬರುತ್ತದೆ, ಎರಡೆರಡು ಸಲ ಒತ್ತಬೇಡಿ
ವಿಳಾಸ: ಎರಡು ಬ್ಯಾಕ್‌ಸ್ಲ್ಯಾಶ್, ನಂತರ ಸರ್ವರಿನ ಹೆಸರು
ಎದ್ದು ಹೋಗುವಾಗ ಲಾಗ್‌ಔಟ್ ಮಾಡಿ

ಗದಗ, ಗುರುವಾರ

ಸರಿ ಇದೆ. ಫ್ಲೆಕ್ಸ್ ಅಂಗಡಿಗೆ ಇದನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ. ಅಲ್ಲಿ ಹಳೆಯ ನುಡಿ ಫಾಂಟಿದ್ದರೆ ಯೂನಿಕೋಡ್ ಅಕ್ಷರ ಒಡೆಯುತ್ತದೆ, ಮತ್ತೆ ಟೈಪ್ ಮಾಡುವಾಗ ‘ಸಮಾಯಿಕ’ ‘ಸಾಮಾಜಿಕ’ ಆಗುತ್ತದೆ. ಫಾಂಟ್ ಸೇರಿಸಿದ ಪಿಡಿಎಫ್ ಒಯ್ಯಿರಿ. ವಿಳಾಸವನ್ನು ಚಿಹ್ನೆಯಲ್ಲೂ ಹಾಕುವುದಾದರೆ ಆ ಸಾಲನ್ನು ಬೇರೆ ರೋಮನ್ ಫಾಂಟಿನಲ್ಲಿ ಕೂರಿಸಲು ಹೇಳಿ. ನುಡಿಯ ಹಳೆಯ ಫಾಂಟಿನಲ್ಲಿ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳು ಕೂತಿರುತ್ತವೆ. ಅಚ್ಚಾಗುವ ಮುಂಚೆ ಬ್ಯಾಕ್‌ಸ್ಲ್ಯಾಶ್ ಎರಡೂ ಇವೆಯೇ, ಎಡಕ್ಕೇ ಒರಗಿವೆಯೇ ಎಂದು ಪರದೆಯ ಮೇಲೆ ನೀವೇ ಎಣಿಸಿ ನೋಡಿ.