ಸಹಾಯ ಬೇಕು: ಬಿಎಂಡಬ್ಲ್ಯು ಎಫ್ 450 ಜಿಎಸ್ ಬೈಕ್‌ಗೆ ಕಾಯುವುದೋ, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಕೊಳ್ಳುವುದೋ?

ಎಲ್ಲರಿಗೂ ನಮಸ್ಕಾರ. 2024ರ ನವೆಂಬರ್‌ನಲ್ಲಿ ಮಿಲಾನ್‌ನ ವಾಹನ ಪ್ರದರ್ಶನದಲ್ಲಿ ಎಫ್ 450 ಜಿಎಸ್‌ನ ಮಾದರಿಯನ್ನು ತೋರಿಸಿದ ದಿನದಿಂದಲೂ ನಾನು ಅದಕ್ಕಾಗಿಯೇ ಹಣ ಕೂಡಿಡುತ್ತಿದ್ದೇನೆ. ಎರಡು ಸಿಲಿಂಡರ್‌ಗಳ 420 ಸಿಸಿ ಎಂಜಿನ್, 48 ಅಶ್ವಶಕ್ತಿ, 178 ಕಿಲೋ ತೂಕ ಎಂಬ ವಿವರಗಳು ಮನಸ್ಸನ್ನು ಸೆಳೆದಿವೆ. ಪಕ್ಕದ ಹೊಸೂರಿನ ಟಿವಿಎಸ್ ಕಾರ್ಖಾನೆಯಲ್ಲಿಯೇ ತಯಾರಾಗುವ ಗಾಡಿ ಎಂಬ ಅಭಿಮಾನವೂ ಇದೆ.

ಆದರೆ ನನ್ನ ಎತ್ತರ ಐದು ಅಡಿ ಐದು ಅಂಗುಲ. ಎಫ್ 450 ಜಿಎಸ್‌ನ ಸೀಟು 845 ಮಿ.ಮೀ. ಎತ್ತರದಲ್ಲಿದೆ, ಹಿಮಾಲಯನ್ 450ರ ಸೀಟನ್ನು 825 ಮಿ.ಮೀ.ಗೆ ಇಳಿಸಬಹುದಾದರೂ ಅದರ ತೂಕ 196 ಕಿಲೋ. ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಕೆಸರು ದಾರಿಯ ಏರಿನಲ್ಲಿ ಗಾಡಿ ನಿಲ್ಲಿಸಬೇಕಾಗಿ ಬಂದಾಗ ಕಾಲು ನೆಲಕ್ಕೆ ಸರಿಯಾಗಿ ಎಟುಕದೆ ಎರಡು ಬಾರಿ ಬಿದ್ದಿರುವ ನನಗೆ ಈ 20 ಮಿ.ಮೀ. ಸಣ್ಣ ವ್ಯತ್ಯಾಸವಲ್ಲ. 350 ಸಿಸಿ ಮೀರಿದ ಗಾಡಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 40 ಜಿಎಸ್‌ಟಿ ಇರುವುದರಿಂದ, ಕೊಂಡ ಮೇಲೆ ಬದಲಾಯಿಸುವ ಶಕ್ತಿಯೂ ನನಗಿಲ್ಲ.

ನನ್ನಷ್ಟೇ ಎತ್ತರದವರು ಯಾರಾದರೂ ಹಿಮಾಲಯನ್ 450 ಓಡಿಸುತ್ತಿದ್ದರೆ, ಘಟ್ಟದ ಕಚ್ಚಾ ರಸ್ತೆಗಳಲ್ಲಿ ಅದನ್ನು ಹೇಗೆ ನಿಭಾಯಿಸುತ್ತೀರಿ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ. ಹೊಸೂರಿನಲ್ಲಿಯೇ ತಯಾರಾದ, ಬಿಎಂಡಬ್ಲ್ಯುನ ಹಿಂದಿನ ಬೈಕ್ ಜಿ 310 ಜಿಎಸ್ ಇಟ್ಟುಕೊಂಡಿದ್ದವರು ಸರ್ವಿಸ್‌ನ ಖರ್ಚು ಎಷ್ಟಾಗುತ್ತಿತ್ತು, ಬಿಡಿಭಾಗಗಳಿಗೆ ಎಷ್ಟು ದಿನ ಕಾಯಬೇಕಾಗಿತ್ತು ಎಂಬುದನ್ನು ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ.